ಮಗುವಿಗೆ ಪುಲಕೇಶಿ ಅಂತ ಹೆಸರಿಡಬಹುದಾ?

ಪ್ರಿಯ ಓದುಗರೇ,

ಹೋದ ತಿಂಗಳು ಇಲ್ಲಿ ಪರದೇಶದಲ್ಲಿರುವ ನಮ್ಮ ಸಂಘದ ಒಬ್ಬ ತಾಯಿ ಫೋನ್ ಮಾಡಿದ್ದರು. ಗಂಡು ಮಗು. ಹಸ್ತ ನಕ್ಷತ್ರ, ಮೊದಲ ಪಾದ. ಪಂಚಾಂಗ ನೋಡಿದಾಗ ಬಂದ ಅಕ್ಷರ ‘ಪು’. ಪುನೀತ್, ಪುರುಷೋತ್ತಮ, ಪುರಂದರ, ಪುಷ್ಕರ್ ಎಲ್ಲ ಆದ ಮೇಲೆ ಗಂಡ ಹೆಂಡತಿ ಇಬ್ಬರಿಗೂ ಹಿಡಿಸಿದ್ದು ಪುಲಕೇಶಿ. ಆದರೆ ಊರಲ್ಲಿರುವ ಅತ್ತೆಯವರು ಒಪ್ಪಲಿಲ್ಲವಂತೆ. “ಅದು ರಸ್ತೆಗೆ, ಸರ್ಕಲ್‌ಗೆ ಇಡೋ ಹೆಸರು ಕಣಮ್ಮ, ಮಗುವಿಗಲ್ಲ” ಅಂದರಂತೆ. ನೀವೇನಂತೀರಿ ಅಂತ ಆಕೆ ನನ್ನನ್ನು ಕೇಳಿದರು.

“ಖಂಡಿತ ಇಡಿ” ಅಂದೆ. ಫೋನ್‌ನಲ್ಲಿ ಅಷ್ಟೇ ಹೇಳಲು ಆಗಿದ್ದು. ಆದರೆ ಆ ಹಿರಿಯರ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅವರು ಹೇಳಿದ್ದು ಸುಮ್ನೆ ಅಲ್ಲ. ಬೆಂಗಳೂರಿನ ಫ್ರೇಜರ್ ಟೌನ್‌ಗೆ ಪುಲಕೇಶಿನಗರ ಅಂತ ಹೆಸರಿದೆ, ಅದೇ ಹೆಸರಿನ ವಿಧಾನಸಭಾ ಕ್ಷೇತ್ರವೂ ಇದೆ. ಇಮ್ಮಡಿ ಪುಲಕೇಶಿಯ ಪಾಠ ಓದದೆ ಕರ್ನಾಟಕದ ಶಾಲೆಯಿಂದ ಹೊರಬಂದವರು ಯಾರೂ ಇರಲಿಕ್ಕಿಲ್ಲ. ರಾಜ್ಯೋತ್ಸವದ ಭಾಷಣದಲ್ಲಿ ಆ ಹೆಸರು ಬಂದರೆ ಚಪ್ಪಾಳೆ ಬೀಳುತ್ತದೆ. ಇಷ್ಟೆಲ್ಲ ಇದ್ದೂ, ನಿಮ್ಮ ತರಗತಿಯಲ್ಲಿ ಪುಲಕೇಶಿ ಅನ್ನುವ ಹುಡುಗ ಇದ್ದನಾ? ನಿಮ್ಮ ನೆಂಟರಲ್ಲಿ? ನಿಮ್ಮ ಆಫೀಸಿನಲ್ಲಿ? ವಿಕ್ರಮ ಇದ್ದ, ಮಯೂರ ಇದ್ದ, ಕೀರ್ತಿ ಇದ್ದ. ಪುಲಕೇಶಿ ಇದ್ದದ್ದು ತೀರಾ ಅಪರೂಪ.

ಇಷ್ಟು ಗೌರವ ಇರುವ ಹೆಸರನ್ನು ನಾವು ಮನೆಯಲ್ಲಿ ಯಾಕೆ ಕರೆಯುವುದಿಲ್ಲ? ಈ ಸಂಚಿಕೆಯ ಸಂಪಾದಕೀಯವನ್ನು ಈ ಒಂದು ಹೆಸರಿಗೇ ಮೀಸಲಿಡುತ್ತಿದ್ದೇನೆ.

ಮೊದಲು ಅರ್ಥ. ಇದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಜೆ. ಎಫ್. ಫ್ಲೀಟ್ ಮತ್ತು ಡಿ. ಸಿ. ಸರ್ಕಾರ್ ಇದನ್ನು ಕನ್ನಡ, ಸಂಸ್ಕೃತ ಎರಡೂ ಬೆರೆತ ಹೆಸರು ಎಂದು ತಿಳಿದರು. ‘ಪುಲಿ’ ಅಂದರೆ ಹಳಗನ್ನಡದಲ್ಲಿ ಹುಲಿ. ‘ಕೇಶಿ’ ಅಂದರೆ ಕೂದಲುಳ್ಳವನು. ಹುಲಿಯ ಹಾಗೆ ಕೂದಲಿರುವವನು ಪುಲಿಕೇಶಿ. ನೀಲಕಂಠ ಶಾಸ್ತ್ರಿಗಳು ಬೇರೆ ಹೇಳುತ್ತಾರೆ. ಅವರ ಪ್ರಕಾರ ಇದರ ಅರ್ಥ ‘ದೊಡ್ಡ ಸಿಂಹ’. ಇನ್ನು ನಮ್ಮಂಥ ಸಾಮಾನ್ಯರ ಕಿವಿಗೆ ‘ಪುಲಕ’ ಅನ್ನುವ ಪದ ಕೇಳಿಸುತ್ತದೆ, ಮೈ ನವಿರೇಳುವುದು ನೆನಪಾಗುತ್ತದೆ. ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ. ಈ ಹೆಸರು ಬಂದ ಬಾದಾಮಿ ಚಾಲುಕ್ಯರ ವಂಶದಲ್ಲಿ ಮೊದಲನೆಯ ಪುಲಕೇಶಿಯ ತಂದೆ ರಣರಾಗ, ಅಜ್ಜ ಜಯಸಿಂಹ. ಎರಡೂ ಅಚ್ಚ ಸಂಸ್ಕೃತದ ಹೆಸರುಗಳು. ಅವುಗಳ ಪಕ್ಕದಲ್ಲಿ ಪುಲಿಕೇಶಿ ಅಂದಾಗ ಈ ನೆಲದ ಮಾತು ತಟ್ಟನೆ ಕೇಳಿಸುತ್ತದೆ. ಮನೆಯಲ್ಲಿ ಆಡುವ ಮಾತಿನಿಂದ ಹುಟ್ಟಿದ ಹೆಸರು ಇದು ಎಂದು ನಂಬಲು ನನಗೆ ಇಷ್ಟ.

ಇಲ್ಲೇ ಇನ್ನೊಂದು ವಿಷಯ ಇದೆ. ಹಳಗನ್ನಡದ ‘ಪ’ ಮುಂದೆ ‘ಹ’ ಆಯಿತು ಅಂತ ನಮಗೆಲ್ಲ ಗೊತ್ತು. ಪಾಲು ಹಾಲಾಯಿತು, ಪೂವು ಹೂವಾಯಿತು, ಪುಲಿ ಹುಲಿಯಾಯಿತು. ಊರುಗಳೂ ಬದಲಾದವು. ಇಂದಿನ ಲಕ್ಷ್ಮೇಶ್ವರ ಕವಿರಾಜಮಾರ್ಗದ ಕಾಲದಲ್ಲಿ ಪುಲಿಗೆರೆ, ಆಮೇಲೆ ಹುಲಿಗೆರೆ. ಜನರ ಹೆಸರಿನಲ್ಲೂ ಇಂದು ಹುಲಿಗೆಮ್ಮ, ಹುಲಿಯಪ್ಪ ಇದ್ದಾರೆ. ಆದರೆ ಹುಲಿಕೇಶಿ ಅಂತ ಯಾರಾದರೂ ಇದ್ದಾರಾ? ಇಲ್ಲ. ಜನ ದಿನವೂ ಬಾಯಲ್ಲಿ ಹೇಳುತ್ತಿದ್ದ ಪದಗಳೆಲ್ಲ ‘ಹ’ ಕಡೆಗೆ ಹೊರಳಿದವು. ಪುಲಕೇಶಿ ಮಾತ್ರ ‘ಪ’ದಲ್ಲೇ ನಿಂತಿತು. ಆ ಬದಲಾವಣೆ ಬರುವ ಹೊತ್ತಿಗೆ ಈ ಹೆಸರನ್ನು ಕೂಗಿ ಕರೆಯುವವರೇ ಇರಲಿಲ್ಲ ಅಂತ ಇದರಿಂದ ನನಗೆ ಅನ್ನಿಸುತ್ತದೆ.

ಶಾಸನಗಳನ್ನು ನೋಡಿದರೂ ಇದೇ ಕಥೆ.

ಬಾದಾಮಿಯ ಕೋಟೆಯ ಬಂಡೆಯ ಮೇಲೆ ಶಕ ವರ್ಷ 465ರ, ಅಂದರೆ ಕ್ರಿ.ಶ. 543ರ ಒಂದು ಶಾಸನ ಇದೆ. ಬೆಟ್ಟವನ್ನು ಕೋಟೆಯಾಗಿ ಮಾಡಿದ, ಅಶ್ವಮೇಧ ಯಾಗ ಮಾಡಿದ ರಾಜನ ವಿಷಯ ಅದರಲ್ಲಿದೆ. ಆ ರಾಜ ಮೊದಲನೆಯ ಪುಲಕೇಶಿ. ಆದರೆ ಬಂಡೆಯ ಮೇಲಿರುವುದು ‘ಚಲಿಕ್ಯ ವಲ್ಲಭೇಶ್ವರ’. ಬಿರುದು ಇದೆ, ಹೆಸರು ಇಲ್ಲ.

ಅವನ ಮೊಮ್ಮಗ ಇಮ್ಮಡಿ ಪುಲಕೇಶಿ. ಅವನಿಗೂ ಪಟ್ಟಕ್ಕೆ ಬರುವ ಮೊದಲು ‘ಎರೆಯ’ ಎಂಬ ಹೆಸರಿತ್ತು ಅಂತ ಪೆದ್ದವಡಗೂರು ಶಾಸನವನ್ನು ನೋಡಿ ಇತಿಹಾಸಕಾರರು ಹೇಳುತ್ತಾರೆ. ಚಿಕ್ಕಪ್ಪ ಮಂಗಳೇಶನ ಜೊತೆ ಕಾದಾಡಿ ಸಿಂಹಾಸನ ಪಡೆದ ಮೇಲೆ ಅಜ್ಜನ ಹೆಸರಿನಿಂದ ಆಳಿದ. ಮೊಮ್ಮಗನಿಗೆ ಅಜ್ಜನ ಹೆಸರು ಬರುವುದು ನಮ್ಮಲ್ಲಿ ಎಷ್ಟು ಹಳೆಯ ಪದ್ಧತಿ, ಅಲ್ವಾ?

ಈ ಹೆಸರಿಗೆ ನಿಜವಾದ ಕಳೆ ಬಂದದ್ದು ಐಹೊಳೆಯಲ್ಲಿ. ಬೆಟ್ಟದ ಮೇಲಿರುವ ಮೇಗುಟಿ ಬಸದಿಯ ಪೂರ್ವದ ಗೋಡೆಯಲ್ಲಿ ಕವಿ ರವಿಕೀರ್ತಿಯ ಶಾಸನ ಇದೆ. ಕಾಲ ಕ್ರಿ.ಶ. 634. ಭಾಷೆ ಸಂಸ್ಕೃತ, ಲಿಪಿ ನಮ್ಮದೇ ಹಳೆಯ ಕನ್ನಡ ಲಿಪಿ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಗೋಡೆಯ ಮುಂದೆ ನಿಂತು ಸಾಲು ಸಾಲಾಗಿ ನೋಡಬಹುದು. ರವಿಕೀರ್ತಿಗೆ ತನ್ನ ಮೇಲೆ ದೊಡ್ಡ ಭರವಸೆ. ಕಾಳಿದಾಸ, ಭಾರವಿಯರಿಗೆ ಸಮನಾದ ಕೀರ್ತಿ ಪಡೆದವನು ತಾನು ಅಂತ ಬರೆದುಕೊಂಡಿದ್ದಾನೆ. ಉತ್ತರದ ಹರ್ಷವರ್ಧನನ ಸೋಲನ್ನು ಹೇಳುವಾಗ, ಯುದ್ಧದಲ್ಲಿ ಬಿದ್ದ ಆನೆಗಳನ್ನು ಕಂಡು ಹರ್ಷನ ‘ಹರ್ಷ’ವೇ ಹೋಯಿತು ಎನ್ನುತ್ತಾನೆ. ಈ ಶಾಸನದಲ್ಲಿ ರಾಜನ ಹೆಸರು ಕೊನೆಗೂ ಇದೆ, ‘ಪೊಲೆಕೇಶಿ’ ಎಂಬ ರೂಪದಲ್ಲಿ. ಬೇರೆ ಬೇರೆ ಬರಹಗಳಲ್ಲಿ ಪುಲಿಕೇಶಿ, ಪುಲಕೇಶಿ, ಪೊಲೆಕೇಶಿ ಎಂದು ಬಗೆಬಗೆಯ ರೂಪಗಳು ಸಿಗುತ್ತವೆ. ಒಂದೇ ಸರಿಯಾದ ಕಾಗುಣಿತ ಎಂಬುದು ಆಗಲೂ ಇರಲಿಲ್ಲ. ಈಗ ಪುಲಿಕೇಶಿಯೋ ಪುಲಕೇಶಿಯೋ ಎಂದು ಜಗಳ ಆಡುವವರಿಗೆ ಇದನ್ನು ಹೇಳಬೇಕು. ಎರಡೂ ಸರಿ.

ಅದೇ ಕಾಲದಲ್ಲಿ ಚೀನಾದಿಂದ ಬಂದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಈ ರಾಜ್ಯಕ್ಕೂ ಬಂದಿದ್ದ. ಇಲ್ಲಿನ ಜನ ಸ್ವಾಭಿಮಾನಿಗಳು, ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಅವಮಾನ ಮಾಡಿದವರನ್ನು ಬಿಡುವುದಿಲ್ಲ ಎಂದು ಬರೆದ. ರಾಜನ ಹೆಸರನ್ನು ತನ್ನ ಭಾಷೆಯಲ್ಲಿ ಪು-ಲೊ-ಕಿ-ಷೆ ಎಂದು ದಾಖಲಿಸಿದ. ಪರದೇಶದಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇದು ಸಣ್ಣ ವಿಷಯ ಅಲ್ಲ. ಕನ್ನಡದ ಗಂಧವೇ ಇಲ್ಲದ ಒಬ್ಬ ವಿದೇಶಿ ಸುಮಾರು 1400 ವರ್ಷಗಳ ಹಿಂದೆ ಈ ಹೆಸರನ್ನು ಕೇಳಿಸಿಕೊಂಡ, ಹೇಳಿದ, ಬರೆದೂ ಇಟ್ಟ.

ಕ್ರಿ.ಶ. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಪುಲಕೇಶಿಯ ಆಳ್ವಿಕೆ ಅಲ್ಲಿಗೆ ಮುಗಿಯಿತು. ಮುಂದೆ ಮಗ ಒಂದನೆಯ ವಿಕ್ರಮಾದಿತ್ಯ ರಾಜ್ಯವನ್ನು ಮತ್ತೆ ಕಟ್ಟಿದ. ಪುಲಕೇಶಿ ಎಂಬ ಹೆಸರು ಮನೆತನದಲ್ಲಿ ಇನ್ನೂ ಸ್ವಲ್ಪ ಕಾಲ ಬಾಳಿತು. ಗುಜರಾತಿನಲ್ಲಿ ಆಳುತ್ತಿದ್ದ ಚಾಲುಕ್ಯರ ಶಾಖೆಯಲ್ಲಿ ಇನ್ನೊಬ್ಬ ಪುಲಕೇಶಿ ಇದ್ದ. ಸಿಂಧ್ ಕಡೆಯಿಂದ ನುಗ್ಗಿ ಬಂದ ಅರಬ್ಬರ ಸೇನೆಯನ್ನು ನವಸಾರಿಯ ಹತ್ತಿರ ಸೋಲಿಸಿ ಹಿಮ್ಮೆಟ್ಟಿಸಿದವನು ಇವನು. ಅವನ ತಾಮ್ರಪಟ ಕ್ರಿ.ಶ. 739ರ ಆಸುಪಾಸಿನದು. ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯ ಮೆಚ್ಚಿ ಅವನಿಗೆ ಬಿರುದುಗಳನ್ನು ಕೊಟ್ಟ. ಅದರಲ್ಲಿ ‘ಅವನಿಜನಾಶ್ರಯ’ ಎಂಬ ಹೆಸರಿನಿಂದಲೇ ಅವನು ಹೆಚ್ಚು ಪರಿಚಿತ. ಈ ಮೂರನೆಯ ಪುಲಕೇಶಿಯ ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಗೊತ್ತಿರಬೇಕಿತ್ತು.

ಆಮೇಲೆ ಏನಾಯಿತು ನೋಡಿ. ಚಾಲುಕ್ಯರನ್ನು ಸೋಲಿಸಿದ ರಾಷ್ಟ್ರಕೂಟರು ತಮ್ಮ ತಾಮ್ರಪಟಗಳಲ್ಲಿ ಒಂದು ಮಾತು ಬರೆಸಿದರು. ಕಂಚಿಯ ಅರಸ, ಕೇರಳ, ಚೋಳ, ಪಾಂಡ್ಯ, ಶ್ರೀಹರ್ಷ ಇವರನ್ನೆಲ್ಲ ಮುರಿದ ಕರ್ನಾಟಕದ ಸೇನೆಯನ್ನೇ ನಾವು ಗೆದ್ದೆವು ಎಂದು. ಶತ್ರುಗಳೂ ಮರೆಯದ ಸಾಧನೆ ಅದು. ಆದರೆ ಆ ಸಾಲಿನಲ್ಲಿ ಪುಲಕೇಶಿಯ ಹೆಸರು ಇಲ್ಲ. 973ರಲ್ಲಿ ಚಾಲುಕ್ಯ ವಂಶ ಮತ್ತೆ ತಲೆಯೆತ್ತಿ, ಮುಂದೆ ಕಲ್ಯಾಣದಿಂದ ಆಳಿತು. ತಾವು ಬಾದಾಮಿಯವರ ವಂಶಜರೇ ಎಂದು ಅವರು ಹೇಳಿಕೊಂಡರು. ಹಳೆಯ ಹೆಸರುಗಳನ್ನು ಮಕ್ಕಳಿಗೆ ಇಟ್ಟರು. ವಿಕ್ರಮಾದಿತ್ಯರು ಬಂದರು, ಜಯಸಿಂಹ ಬಂದ. ‘ಸತ್ಯಾಶ್ರಯ’ ಎಂಬುದು ಇಮ್ಮಡಿ ಪುಲಕೇಶಿಯ ಬಿರುದು, ಆ ಬಿರುದೂ ಒಬ್ಬ ರಾಜನ ಹೆಸರಾಯಿತು. ಅವರ ರಾಜರ ಪಟ್ಟಿಯಲ್ಲಿ ಪುಲಕೇಶಿ ಮಾತ್ರ ಇಲ್ಲ. ಅತ್ತ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನಿಂದ ಶುರುವಾದ ವೆಂಗಿಯ ಚಾಲುಕ್ಯರ ಪಟ್ಟಿಯಲ್ಲೂ ಇಲ್ಲ.

ಅಂದರೆ ಇಮ್ಮಡಿ ಪುಲಕೇಶಿಯ ಬಿರುದುಗಳು ಎಲ್ಲ ಕಡೆ ಹೋದವು. ವಲ್ಲಭ ಎಂಬ ಹೆಸರಿನವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಸತ್ಯಾಶ್ರಯ ಅಲ್ಲಲ್ಲಿ ಕೇಳಿಸುತ್ತದೆ. ಹರ್ಷನನ್ನು ಗೆದ್ದು ಅವನು ಪಡೆದ ‘ಪರಮೇಶ್ವರ’ ಎಂಬ ಬಿರುದು ಶಿವನ ಹೆಸರೂ ಆಗಿರುವುದರಿಂದ ಮನೆಮನೆಯಲ್ಲಿ ಇದೆ. ಅವನ ಮಗ ವಿಕ್ರಮಾದಿತ್ಯನ ಹೆಸರು, ಅಪ್ಪ ಕೀರ್ತಿವರ್ಮನ ಹೆಸರು ಎರಡೂ ಚಲಾವಣೆಯಲ್ಲಿವೆ. ಅವನದೇ ಹೆಸರು ಗೋಡೆಯ ಕಲ್ಲಿನಲ್ಲಿ ಉಳಿಯಿತು.

ಅಲ್ಲಿಂದ ಅದನ್ನು ಮತ್ತೆ ಹೊರಗೆ ತಂದದ್ದು ಶಾಸನ ಓದಿದವರು. ಮುಂಬೈ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ ಫ್ಲೀಟ್ 1870ರ ದಶಕದಲ್ಲಿ ಐಹೊಳೆ ಶಾಸನವನ್ನು ಪ್ರಕಟಿಸಿದರು. ಕೀಲ್‌ಹಾರ್ನ್ ಅದನ್ನು ಇನ್ನಷ್ಟು ಶುದ್ಧವಾಗಿ ಓದಿ ಮತ್ತೆ ಪ್ರಕಟಿಸಿದರು. ಧಾರವಾಡದ ಕಡೆ ಕನ್ನಡಿಗರು ಒಂದಾಗಬೇಕೆಂಬ ಚಳವಳಿ ಬಲಗೊಳ್ಳುತ್ತಿದ್ದ ಕಾಲ ಅದು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು. ಹರಿದು ಹಂಚಿಹೋಗಿದ್ದ ಜನಕ್ಕೆ ತಮ್ಮದೇ ಒಬ್ಬ ದೊಡ್ಡ ರಾಜ ಬೇಕಿದ್ದ. ಪುಲಕೇಶಿ ಸಿಕ್ಕಿದ. ಆದರೆ ಹೀಗೆ ಬಂದ ಹೆಸರು ಭಾಷಣಕ್ಕೆ, ಪಠ್ಯಪುಸ್ತಕಕ್ಕೆ, ಊರಿನ ಬಡಾವಣೆಗೆ ಹೋಯಿತು. ತೊಟ್ಟಿಲ ತನಕ ಬರಲಿಲ್ಲ. ನಡುವೆ ಸಾವಿರ ವರ್ಷ ಯಾರ ಅಜ್ಜನ ಹೆಸರೂ ಅದಾಗಿರಲಿಲ್ಲವಲ್ಲ, ಮೊಮ್ಮಗನಿಗೆ ಇಡುವುದಾದರೂ ಹೇಗೆ? ನಮ್ಮ ಕಡೆ ಹೆಸರು ಬರುವುದು ಅಜ್ಜನಿಂದ, ಮನೆದೇವರಿಂದ, ನಕ್ಷತ್ರದಿಂದ. ಪುಲಕೇಶಿಗೆ ಮೊದಲ ಎರಡೂ ದಾರಿ ಮುಚ್ಚಿದ್ದವು.

ಇನ್ನೊಂದು ದಾರಿ ಸಿನಿಮಾ. 1967ರಲ್ಲಿ ಡಾ. ರಾಜ್‌ಕುಮಾರ್ ‘ಇಮ್ಮಡಿ ಪುಲಿಕೇಶಿ’ಯಾಗಿ ತೆರೆಗೆ ಬಂದರು. 1975ರಲ್ಲಿ ಅವರೇ ‘ಮಯೂರ’ ಆದರು. ನಾಯಕ ಒಬ್ಬರೇ, ಇಬ್ಬರೂ ಕನ್ನಡದ ರಾಜರು. ಆದರೆ ನಮ್ಮ ಪೀಳಿಗೆಯಲ್ಲಿ ಮಯೂರರು ಎಷ್ಟೊಂದು! ಆ ಚಿತ್ರದ ಹಾಡು ಇಂದಿಗೂ ನಮ್ಮ ರಾಜ್ಯೋತ್ಸವದ ವೇದಿಕೆಯಲ್ಲಿ ಇರಲೇಬೇಕು. ಸಿನಿಮಾದ ಜೊತೆಗೆ ಬೇರೆ ಕಾರಣಗಳೂ ಇವೆ ಅನ್ನಿಸುತ್ತದೆ. ಮಯೂರ ಅಂದರೆ ನವಿಲು, ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಹಾರಾಷ್ಟ್ರ, ಗುಜರಾತುಗಳಲ್ಲೂ ಮಯೂರ್ ಇದ್ದಾರೆ. ಮೂರೇ ಅಕ್ಷರ. ರಾಜ್ಯದ ಪ್ರವಾಸೋದ್ಯಮ ನಿಗಮ ತನ್ನ ಹೋಟೆಲುಗಳಿಗೂ ಮಯೂರ ಅಂತಲೇ ಹೆಸರಿಟ್ಟಿದೆ. ಪುಲಕೇಶಿಯ ಊರಾದ ಬಾದಾಮಿಯಲ್ಲಿರುವುದು ಸಹ ‘ಮಯೂರ ಚಾಲುಕ್ಯ’. ಕದಂಬರ ಮಯೂರನ ಮೇಲೆ ನನಗೆ ಯಾವ ಬೇಸರವೂ ಇಲ್ಲ, ಅವನೂ ನಮ್ಮವನೇ. ಆದರೆ ಬಾದಾಮಿಯ ಆ ಬೋರ್ಡಿನ ಮೇಲೆ ಇನ್ನೊಂದು ಹೆಸರು ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಮೊಟಕು ಮಾಡಿದರೂ ಚಂದ ಉಳಿಯುವ ಹೆಸರುಗಳಿಗೆ ಈಗ ಬೇಡಿಕೆ ಜಾಸ್ತಿ. ಅಮೋಘವರ್ಷ ಉದ್ದ ಆಯಿತು, ಅಮೋಘ ಉಳಿಯಿತು. ವಿಕ್ರಮಾದಿತ್ಯ ಉದ್ದ, ವಿಕ್ರಮ್ ಸಾಕು, ಆದಿತ್ಯನೂ ಸಾಕು. ಪುಲಕೇಶಿಯನ್ನು ಕತ್ತರಿಸಲು ಆಗುವುದಿಲ್ಲ. ‘ಪುಲಕ್’ ಅಂದರೆ ಬಂಗಾಳಿ ಹೆಸರಾಗುತ್ತದೆ. ‘ಕೇಶಿ’ ಅಂದರೆ ಕೃಷ್ಣ ಕೊಂದ ರಾಕ್ಷಸ. ಆ ತಾಯಿಯ ಅತ್ತೆಯವರ ಎರಡನೆಯ ಆಕ್ಷೇಪವೂ ಅದೇ ಆಗಿತ್ತಂತೆ. ಆದ್ದರಿಂದ ಪೂರ್ತಿ ಹೆಸರನ್ನೇ ಕರೆಯಿರಿ ಎಂಬುದು ನನ್ನ ಸಲಹೆ. ಎಷ್ಟು ಉದ್ದ ಅದು? ನಾಲ್ಕೇ ಅಕ್ಷರ. ಪು, ಲ, ಕೇ, ಶಿ. ಒತ್ತಕ್ಷರ ಇಲ್ಲ, ಮಹಾಪ್ರಾಣ ಇಲ್ಲ, ‘ಳ’ ಇಲ್ಲ, ‘ಣ’ ಇಲ್ಲ. ಇಲ್ಲಿನ ಶಾಲೆಯ ಟೀಚರುಗಳು ಕೃಷ್ಣ, ಜ್ಞಾನೇಶ, ಸಿದ್ಧಾರ್ಥ ಹೇಳಲು ಪಡುವ ಪಾಡು ನಮಗೆ ಗೊತ್ತು. ಪುಲಕೇಶಿಯಲ್ಲಿ ಅಂಥ ಒಂದು ಅಕ್ಷರವೂ ಇಲ್ಲ. ಒಮ್ಮೆ ನಿಧಾನವಾಗಿ ಹೇಳಿಕೊಟ್ಟರೆ ಯಾರಾದರೂ ಹೇಳುತ್ತಾರೆ.

ಹೆಸರಿಡುವವರು ತಿಳಿದಿರಬೇಕಾದ ಕೆಲವು ಮಾತುಗಳನ್ನೂ ಹೇಳಿಬಿಡುತ್ತೇನೆ. ‘ಇ’ಕಾರದಲ್ಲಿ ಮುಗಿಯುವುದರಿಂದ ಹೊರಗಿನವರು ಹುಡುಗಿಯ ಹೆಸರು ಅಂದುಕೊಳ್ಳಬಹುದು. ರವಿ, ಹರಿ, ಮುರಳಿ ಎಲ್ಲರೂ ಇದನ್ನು ದಾಟಿಯೇ ಬಂದವರು. 2006ರಲ್ಲಿ ಬಂದು ತುಂಬಾ ಓಡಿದ ಒಂದು ತಮಿಳು ಹಾಸ್ಯಚಿತ್ರದ ರಾಜನಿಗೆ ಪುಲಿಕೇಶಿ ಅಂತ ಹೆಸರಿತ್ತು. ತಮಿಳು ಗೆಳೆಯರು ಹೆಸರು ಕೇಳಿ ನಕ್ಕರೆ ಬೇಸರ ಬೇಡ, ಐಹೊಳೆಯ ವಿಷಯ ಹೇಳಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದೇ ಸ್ಪೆಲ್ಲಿಂಗ್ ಹಿಡಿದುಕೊಳ್ಳಿ. ಪುಸ್ತಕಗಳಲ್ಲಿ ‘ಪುಲಕೇಶಿನ್’ ಅಂತ ಕೊನೆಗೆ ‘ನ್’ ಸೇರಿಸಿ ಬರೆಯುವುದುಂಟು. ಜನನ ಪತ್ರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಆದರೆ ಮುಂದೆ ಮಗುವಿಗೇ ತೊಂದರೆ.

ಇನ್ನು ರಸ್ತೆಗೆ ಇಡುವ ಹೆಸರು ಎಂಬ ಮಾತು. ಆ ಹಿರಿಯರಿಗೆ ನನ್ನ ಗೌರವದ ಉತ್ತರ ಇದು. ಅಮ್ಮ, ರಸ್ತೆಗೆ ಇಟ್ಟ ಹೆಸರನ್ನು ಯಾರೂ ಪ್ರೀತಿಯಿಂದ ಕರೆಯುವುದಿಲ್ಲ. ಊಟಕ್ಕೆ ಬಾರೋ ಅಂತ ಯಾರೂ ಕೂಗುವುದಿಲ್ಲ. ಜ್ವರ ಬಂದಾಗ ಹಣೆ ಮುಟ್ಟಿ ಆ ಹೆಸರು ಹೇಳುವವರಿಲ್ಲ. ಮೊದಲನೆಯ ಪುಲಕೇಶಿ ರಾಜನಾಗುವ ಮೊದಲು ಅದು ಕೂಡ ಯಾರೋ ತಾಯಿ, ಯಾರೋ ಅಜ್ಜಿ ಬಾಯಿತುಂಬ ಕರೆದ ಹೆಸರೇ ಇರಬೇಕು. ನಿಮ್ಮ ಮೊಮ್ಮಗನಿಂದ ಅದು ಮತ್ತೆ ಶುರುವಾದರೆ, ಅವನ ಮೊಮ್ಮಗನಿಗೆ ಅದು ‘ಅಜ್ಜನ ಹೆಸರು’ ಆಗುತ್ತದೆ. ಆಗ ಯಾರೂ ಸರ್ಕಲ್ ನೆನೆಯುವುದಿಲ್ಲ.

ಉತ್ತರ ಕರ್ನಾಟಕದ ಕಡೆ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಮಗುವಿನ ಕಿವಿಗೆ ಬಾಯಿಟ್ಟು ‘ಕುರ್ರ್’ ಅಂತ ಹೆಸರು ಹೇಳುತ್ತಾಳೆ. ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುತ್ತಾರೆ. ಮಗು ಬೆಚ್ಚಿ ಕಣ್ಣು ಬಿಡುತ್ತದೆ, ಮನೆಯೆಲ್ಲ ನಗು. ಬಾದಾಮಿಯ ಸೀಮೆಯ ಈ ಹೆಸರನ್ನು ಆ ಸೀಮೆಯ ಪದ್ಧತಿಯಲ್ಲೇ ಇಡಬಹುದು. ಸೋದರತ್ತೆ ಬರಲಾಗದಿದ್ದರೆ ವಿಡಿಯೋ ಕಾಲ್ ಇದೆ. ಬೆನ್ನಿಗೆ ಗುದ್ದಲು ಅಲ್ಲಿಯ ಮಕ್ಕಳು ಸಾಕು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆತನದಲ್ಲಿ, ನಿಮ್ಮ ಊರಿನಲ್ಲಿ ಪುಲಕೇಶಿ ಎಂಬ ಹೆಸರಿನ ಹಿರಿಯರು ಯಾರಾದರೂ ಇದ್ದರಾ? ಇದ್ದರೆ ಅವರಿಗೆ ಆ ಹೆಸರು ಹೇಗೆ ಬಂತು, ಮನೆಯಲ್ಲಿ ಏನಂತ ಕರೆಯುತ್ತಿದ್ದರು, ಬರೆದು ಕಳಿಸಿ. ಮಂಗಳೇಶ, ಅರಿಕೇಸರಿ, ನೃಪತುಂಗ, ಎರೆಯಂಗ ಇಂಥ ಹೆಸರುಗಳು ಮನೆಯಲ್ಲಿ ಇದ್ದರೂ ಬರೆಯಿರಿ. ಪತ್ರಗಳು ಕನ್ನಡದಲ್ಲೇ ಇರಲಿ. ಸಂಕ್ರಾಂತಿ ಸಂಚಿಕೆಯಲ್ಲಿ ಅವಕ್ಕೆಂದೇ ಎರಡು ಪುಟ ಇಟ್ಟಿದ್ದೇವೆ. ಹೆಸರಿನ ಕಾಗುಣಿತವನ್ನು ನಾವು ತಿದ್ದುವುದಿಲ್ಲ, ನಿಮ್ಮ ಮನೆಯಲ್ಲಿ ಹೇಗೆ ಬರೆಯುತ್ತಾರೋ ಹಾಗೇ ಅಚ್ಚಾಗುತ್ತದೆ.

ಸಂಪಾದಕರು